ಹಂದಿಯ ಜೀವಕೋಶದೊಳಗಿನ ಕಾವಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಇಲ್ಲಿ ಪಿಆರ್‌ಆರ್‌ಎಸ್ ಬಂದ ಕೊಟ್ಟಿಗೆಗಳಲ್ಲಿ ಒಂದೇ ತಾಯಿಯ ಮರಿಗಳಲ್ಲಿ ಕೆಲವು ಸೊರಗಿ ಸಾಯುತ್ತವೆ, ಕೆಲವು ಹತ್ತು ಹದಿನೈದು ದಿನ ಏದುಸಿರು ಬಿಟ್ಟು ಚೇತರಿಸಿಕೊಳ್ಳುತ್ತವೆ. ಯಾವುದಕ್ಕೂ ಲಸಿಕೆ ಆಗಿಲ್ಲ. ಈ ವ್ಯತ್ಯಾಸ ಎಲ್ಲಿಂದ?
— ಪಶುವೈದ್ಯರು, ಐಜಾಲ್, ಮಿಜೋರಾಂ

ಗರ್ಭಪಾತ ಮತ್ತು ಉಸಿರಾಟದ ತೊಂದರೆ ಎರಡನ್ನೂ ತರುವ ಹಂದಿಗಳ ಈ ವೈರಸ್ ರೋಗ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2013ರಲ್ಲಿ, ನೀವಿರುವ ಮಿಜೋರಾಂನಲ್ಲೇ. ನೀವು ಕಂಡ ವ್ಯತ್ಯಾಸಕ್ಕೆ ಹೊರಗಿನ ಕಾರಣಗಳೂ ಇವೆ: ಮೈಗೆ ಹೊಕ್ಕ ವೈರಸ್ಸಿನ ಪ್ರಮಾಣ, ಹುಟ್ಟಿದ ದಿನ ಸಿಕ್ಕ ಗಿಣ್ಣುಹಾಲು, ಬೆನ್ನಿಗೇ ಬರುವ ಬ್ಯಾಕ್ಟೀರಿಯಾ ಸೋಂಕು. ಇವೆಲ್ಲ ಸಮನಾಗಿದ್ದರೂ ಉಳಿಯುವ ವ್ಯತ್ಯಾಸ ಮಾತ್ರ ಜೀವಕೋಶದ ಒಳಗಿನದು.

ಪ್ರತಿಕಾಯಗಳು ತಯಾರಾಗಲು ಒಂದು ವಾರವಾದರೂ ಬೇಕು. ಅಲ್ಲಿಯವರೆಗೆ ಹೋರಾಡುವುದು ಸೋಂಕು ತಗುಲಿದ ಕೋಶದ ಸ್ವಂತ ಪ್ರೋಟೀನ್‌ಗಳು. ಒಳಗೆ ಬಂದ ವೈರಸ್ ಆರ್‌ಎನ್‌ಎಯನ್ನು ರಿಗ್-ಐ, ಎಂಡಿಎ5 ಎಂಬ ಪ್ರೋಟೀನ್‌ಗಳು ಗುರುತಿಸುತ್ತವೆ. ಸುದ್ದಿ ಐಆರ್‌ಎಫ್3 ಎಂಬ ಪ್ರೋಟೀನಿನ ಮೂಲಕ ಕೋಶಕೇಂದ್ರಕ್ಕೆ ಮುಟ್ಟುತ್ತದೆ, ಕೋಶ ಇಂಟರ್ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನನ್ನು ಸುರಿಸುತ್ತದೆ. ಆ ಇಂಟರ್ಫೆರಾನ್ ಪಕ್ಕದ ಕೋಶಗಳಲ್ಲಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ, ಅಂದರೆ ವೈರಸ್ ಬರುವ ಮೊದಲೇ ಅಕ್ಕಪಕ್ಕದವರು ಬಾಗಿಲು ಭದ್ರ ಮಾಡಿಕೊಂಡಿರುತ್ತಾರೆ.

ಹೀಗೆ ಎದ್ದ ಪ್ರತಿ ಪ್ರೋಟೀನಿಗೂ ತನ್ನದೇ ಜಾಗ, ತನ್ನದೇ ಕೆಲಸ. ಐಎಫ್‌ಐಟಿಎಂ ಗುಂಪಿನವು ಪೊರೆಗಳನ್ನು ಬಿಗಿಗೊಳಿಸಿ ವೈರಸ್ ಒಳಗೆ ಬೆಸೆದುಕೊಳ್ಳದಂತೆ ತಡೆಯುತ್ತವೆ. ಸಿಎಚ್25ಎಚ್ ಎಂಬ ಕಿಣ್ವ ಕೊಲೆಸ್ಟೆರಾಲನ್ನು ಬೇರೊಂದು ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಪಿಆರ್‌ಆರ್‌ಎಸ್ ವೈರಸ್ ಕೋಶ ಹೊಗುವುದಕ್ಕೇ ಅಡ್ಡಿ. ಒಎಎಸ್ ಮತ್ತು ಆರ್‌ಎನ್‌ಏಸ್-ಎಲ್ ಜೋಡಿ ಆರ್‌ಎನ್‌ಎಯನ್ನು ತುಂಡರಿಸುತ್ತದೆ. ಪಿಕೆಆರ್ ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಟೆಥೆರಿನ್, ಫ್ಲೂ ವೈರಸ್ಸಿನಂತೆ ಹೊರಪೊರೆಯಿಂದ ಮೊಳೆತು ಹೊರಡುವವುಗಳನ್ನು ಪೊರೆಗೇ ಕಟ್ಟಿಹಾಕುತ್ತದೆ.

ಇನ್ನು ಮರಿಯಿಂದ ಮರಿಗೆ ಇರುವ ವ್ಯತ್ಯಾಸ. ಅಮೆರಿಕದಲ್ಲಿ ಸುಮಾರು 200 ಮರಿಗಳ ತಂಡಗಳಿಗೆ ವೈರಸ್ ಕೊಟ್ಟು, 42 ದಿನ ರಕ್ತದಲ್ಲಿನ ವೈರಸ್ ಮತ್ತು ತೂಕ ಅಳೆದ ದೊಡ್ಡ ಪ್ರಯೋಗಮಾಲೆ ನಡೆಯಿತು. ವೈರಸ್ ಪ್ರಮಾಣದಲ್ಲಿ ಕಂಡ ಆನುವಂಶಿಕ ವ್ಯತ್ಯಾಸದ ಸುಮಾರು 15 ಶೇಕಡಾ ಪಾಲು ಹಂದಿಯ 4ನೇ ವರ್ಣತಂತುವಿನ ಒಂದೇ ತುಣುಕಿಗೆ ಸೇರಿತ್ತು. ಅಲ್ಲಿರುವ ಜಿಬಿಪಿ5 ಜೀನ್‌ನಲ್ಲಿ ಒಂದು ಅಕ್ಷರ ಬದಲಾದರೆ ಜೋಡಣೆ ತಪ್ಪಿ ಪ್ರೋಟೀನ್ ಬಾಲ ಕಡಿದು ಮೊಟಕಾಗುತ್ತದೆ. ಪೂರ್ಣ ಪ್ರೋಟೀನ್ ಕೊಡುವ ಜೀನಿನ ಒಂದು ಪ್ರತಿ ಇದ್ದರೂ ಸಾಕು, ಮರಿಯ ರಕ್ತದಲ್ಲಿ ವೈರಸ್ ಕಡಿಮೆ, ತೂಕ ಹೆಚ್ಚು. ಒಂದೇ ತಾಯಿಯ ಮರಿಗಳಲ್ಲೂ ಕೆಲವಕ್ಕೆ ಆ ಪ್ರತಿ ಬಂದಿರುತ್ತದೆ, ಕೆಲವಕ್ಕೆ ಬಂದಿರುವುದಿಲ್ಲ. ತಳಿ ಆಯ್ಕೆಗೆ ಈ ಗುರುತನ್ನು ಬಳಸಬಹುದು, ಒಂದು ಕಿವಿಚೂರಿನ ಡಿಎನ್‌ಎ ಸಾಕು. ಆದರೆ ಇದರಿಂದ ಸೋಂಕು ತಪ್ಪುವುದಿಲ್ಲ, ಹೊಡೆತ ತಗ್ಗುತ್ತದೆ ಅಷ್ಟೆ.

ಯಾಕೆ ಅಷ್ಟೆ? ಏಕೆಂದರೆ ಈ ವೈರಸ್ ಕಾವಲಿನ ಪ್ರತಿ ಹಂತಕ್ಕೂ ಮರುಮದ್ದು ತಂದಿರುತ್ತದೆ. ಅದರ ಎನ್‌ಎಸ್‌ಪಿ1 ಎಂಬ ಪ್ರೋಟೀನ್ ಇಂಟರ್ಫೆರಾನ್ ಜೀನ್ ಎಚ್ಚರಗೊಳ್ಳದಂತೆ ನೋಡಿಕೊಳ್ಳುತ್ತದೆ. ಎನ್‌ಎಸ್‌ಪಿ2 ಸಂಕೇತ ಸಾಗಿಸುವ ಪ್ರೋಟೀನ್‌ಗಳ ಮೇಲಿನ ಯುಬಿಕ್ವಿಟಿನ್ ಮತ್ತು ಐಎಸ್‌ಜಿ15 ಮುದ್ರೆಗಳನ್ನು ಕಿತ್ತುಹಾಕುತ್ತದೆ. ಮುಂಚೆಯೇ ಇಂಟರ್ಫೆರಾನ್ ಕೊಟ್ಟ ಕೋಶದಲ್ಲಿ ಈ ವೈರಸ್ ಬೆಳೆಯಲು ತಿಣುಕುತ್ತದೆ, ಆದರೆ ತಾನೇ ಮೊದಲು ಹೊಕ್ಕರೆ ಇಂಟರ್ಫೆರಾನ್ ಹುಟ್ಟಲಿಕ್ಕೇ ಬಿಡುವುದಿಲ್ಲ. ಯಾರು ಮೊದಲು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮ ಕೆಲಸಕ್ಕೆ ಬೇಕಾದ ಒಂದು ಮಾತು: ಚೇತರಿಸಿಕೊಂಡ ಮರಿ ಶುದ್ಧವಾದ ಮರಿಯಲ್ಲ. ಗಲಗ್ರಂಥಿ ಮತ್ತು ದುಗ್ಧರಸ ಗ್ರಂಥಿಗಳಲ್ಲಿ ವೈರಸ್ ಐದು ತಿಂಗಳವರೆಗೂ ಉಳಿಯಬಲ್ಲದು. ಗಟ್ಟಿಮುಟ್ಟಾಗಿ ಕಾಣುತ್ತದೆಂದು ಅದನ್ನು ಬೇರೆ ಮಂದೆಗೆ ಮಾರಿಸಬೇಡಿ.

ಪ್ರಶ್ನೆ: ಪಿಆರ್‌ಆರ್‌ಎಸ್ ತಗುಲದ ಹಂದಿಗೆ ಇಲ್ಲಿ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಏನನ್ನು ಸೇರಿಸಿದ್ದಾರೆ? ಊರಿನ ಸಾಕಣೆದಾರರಿಗೆ ಇದು ಸಿಗುವುದೇ?
— ಕನ್ನಡಿಗ ಎಂಜಿನಿಯರ್, ಏಮ್ಸ್, ಅಯೋವಾ

ಸೇರಿಸಿಲ್ಲ, ತೆಗೆದಿದ್ದಾರೆ. ಈ ಕಥೆಯ ತಿರುಳೇ ಅದು.

ವೈರಸ್ಸನ್ನು ತಡೆಯುವ ಪ್ರೋಟೀನ್ ಎಷ್ಟೇ ಬಲವಾಗಿದ್ದರೂ ವೈರಸ್ ಅದಕ್ಕೊಂದು ಉಪಾಯ ಹುಡುಕಿಕೊಳ್ಳುತ್ತದೆ. ಆದರೆ ವೈರಸ್ಸಿಗೆ ತನ್ನ ಕೆಲಸಕ್ಕೆ ಬೇಕೇಬೇಕಾದ ಕೋಶದ ಪ್ರೋಟೀನ್ ಒಂದನ್ನು ಇಲ್ಲವಾಗಿಸಿದರೆ? ಪಿಆರ್‌ಆರ್‌ಎಸ್ ವೈರಸ್ ಮುಖ್ಯವಾಗಿ ಶ್ವಾಸಕೋಶದಲ್ಲಿ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳನ್ನು ಹಿಡಿಯುತ್ತದೆ. ಆ ಕೋಶಗಳ ಮೇಲೆ ಸಿಡಿ169 ಮತ್ತು ಸಿಡಿ163 ಎಂಬ ಎರಡು ಪ್ರೋಟೀನ್‌ಗಳಿವೆ. ಮೊದಲನೆಯದೇ ಬಾಗಿಲು ಎಂದು ಬಹಳ ಕಾಲ ನಂಬಲಾಗಿತ್ತು. 2013ರಲ್ಲಿ ಸಿಡಿ169 ಇಲ್ಲದ ಹಂದಿಗಳನ್ನು ಮಾಡಿ ಸೋಂಕು ಕೊಟ್ಟರೆ ಅವು ಎಲ್ಲದರಂತೆ ಕಾಯಿಲೆ ಬಿದ್ದವು. ಅದು ಬರೀ ಹಿಡಿಕೆ ಎಂದಾಯಿತು. 2015ರ ಕೊನೆಗೆ ಮಿಸೌರಿ ಮತ್ತು ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯಗಳ ತಂಡ ಸಿಡಿ163 ಇಲ್ಲದ ಹಂದಿಗಳನ್ನು ಸಾಮಾನ್ಯ ಹಂದಿಗಳ ಜೊತೆ ಒಂದೇ ಕೊಟ್ಟಿಗೆಯಲ್ಲಿಟ್ಟು ವೈರಸ್ ಕೊಟ್ಟ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಹಂದಿಗಳು ಕಾಯಿಲೆ ಬಿದ್ದವು, ಇವು ಬೀಳಲಿಲ್ಲ. ಇವುಗಳ ರಕ್ತದಲ್ಲಿ ವೈರಸ್ಸೂ ಇಲ್ಲ, ಪ್ರತಿಕಾಯವೂ ಇಲ್ಲ.

ಆದರೆ ಸಿಡಿ163 ಹಂದಿಗೂ ಬೇಕಾದದ್ದು. ರಕ್ತಕಣ ಒಡೆದಾಗ ಚೆಲ್ಲುವ ಹಿಮೋಗ್ಲೋಬಿನ್ ಅನ್ನು ಬಾಚಿಕೊಳ್ಳುವುದು ಅದೇ. ಅದರಲ್ಲಿ ಮಣಿಸರದಂತೆ ಒಂಬತ್ತು ತುಣುಕುಗಳಿವೆ. ವೈರಸ್ಸಿಗೆ ಬೇಕಾದದ್ದು ಐದನೆಯದು. ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯವರು ಆ ಐದನೆಯದಕ್ಕೆ ಸಂಕೇತವಿರುವ ಜೀನಿನ 7ನೇ ಭಾಗವನ್ನಷ್ಟೇ ಕತ್ತರಿಸಿದರು. ಉಳಿದ ಎಂಟು ತುಣುಕಿನ ಪ್ರೋಟೀನ್ ಹಿಮೋಗ್ಲೋಬಿನ್ ಕೆಲಸ ಮಾಡುತ್ತಲೇ ಇದೆ, ವೈರಸ್ ಮಾತ್ರ ಒಳಗೆ ತನ್ನ ಕವಚ ಕಳಚಲಾರದೆ ನಿಲ್ಲುತ್ತದೆ. ಆ ಐದನೆಯ ತುಣುಕಿಗೆ ಬದಲಾಗಿ ಮನುಷ್ಯನ ಬೇರೊಂದು ಪ್ರೋಟೀನಿನ ತುಣುಕನ್ನು ಕೂರಿಸಿ ನೋಡಿದ ಪ್ರಯೋಗವೂ ಇದೆ. ಅಂಥ ಹಂದಿ ವೈರಸ್ಸಿನ ಯುರೋಪ್ ಬಗೆಯನ್ನು ತಡೆದುಕೊಂಡಿತು, ಅಮೆರಿಕದ ಬಗೆಗೆ ಬಗ್ಗಿತು. ಅರೆಬರೆ ಬದಲಾವಣೆಗೆ ವೈರಸ್ ದಾರಿ ಕಂಡುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2025ರ ಏಪ್ರಿಲ್ 30ರಂದು, ಹಂದಿ ತಳಿ ಬೆಳೆಸುವ ಪಿಐಸಿ ಕಂಪನಿಯ ಹಂದಿಗೆ. ಅದರಲ್ಲೂ ಕತ್ತರಿಸಿದ್ದು ಇದೇ ಭಾಗ. ಭಾರತದಲ್ಲಿ 2022ರ ಮಾರ್ಚ್‌ನಲ್ಲಿ ಜೀನ್ ತಿದ್ದುಪಡಿಗೆ ಸಿಕ್ಕ ವಿನಾಯಿತಿ ಸಸ್ಯಗಳಿಗೆ ಮಾತ್ರ, ಪ್ರಾಣಿಗಳು ಅದರಲ್ಲಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ನಮ್ಮ ಸಾಕಣೆದಾರರನ್ನು ಈಗ ಹಿಂಡುತ್ತಿರುವುದು ಆಫ್ರಿಕನ್ ಹಂದಿ ಜ್ವರ. ಸಿಡಿ163 ಇಲ್ಲದ ಹಂದಿಗಳಿಗೆ ಆ ವೈರಸ್ ಕೊಟ್ಟಾಗ ಅವು ಸಾಮಾನ್ಯ ಹಂದಿಗಳ ಹಾಗೆಯೇ ಸತ್ತವು.

ಪ್ರಶ್ನೆ: ಆಫ್ರಿಕದ ಕಾಡುಹಂದಿಗೆ ಆಫ್ರಿಕನ್ ಹಂದಿ ಜ್ವರ ತಗುಲಿದರೂ ಏನೂ ಆಗುವುದಿಲ್ಲವಂತೆ. ಹಾಗಾದರೆ ನಮ್ಮ ಕಾಡುಹಂದಿಯ ಜೊತೆ ತಳಿ ಬೆರೆಸಿದರೆ ಸಾಕಿದ ಹಂದಿ ಉಳಿಯುವುದೇ?
— ಹಂದಿ ಸಾಕಣೆದಾರರು, ಕುಶಾಲನಗರ

ದಯವಿಟ್ಟು ಆ ಪ್ರಯತ್ನ ಬೇಡ. ಆಫ್ರಿಕದ ವಾರ್ಟ್‌ಹಾಗ್ ಬೇರೆಯೇ ಕುಲದ ಪ್ರಾಣಿ. ನಮ್ಮ ಕಾಡಿನ ಹಂದಿಯೂ ಕೊಟ್ಟಿಗೆಯ ಹಂದಿಯೂ ಒಂದೇ ಪ್ರಭೇದ, ಈ ಜ್ವರಕ್ಕೆ ಎರಡೂ ಒಂದೇ ರೀತಿ ಸಾಯುತ್ತವೆ. ಕಾಡುಹಂದಿಯನ್ನು ಹತ್ತಿರ ತಂದರೆ ರೋಗವನ್ನೇ ಮನೆಗೆ ಕರೆದಂತೆ.

ವಾರ್ಟ್‌ಹಾಗ್‌ನ ಗುಟ್ಟು ಹುಡುಕುವ ಪ್ರಯತ್ನ ನಡೆದಿದೆ. ಉರಿಯೂತವನ್ನು ನಡೆಸುವ ರೆಲ್-ಎ ಎಂಬ ಪ್ರೋಟೀನಿನಲ್ಲಿ ವಾರ್ಟ್‌ಹಾಗ್‌ಗೂ ಸಾಕುಹಂದಿಗೂ ಮೂರೇ ಅಮೈನೋ ಆಮ್ಲಗಳ ವ್ಯತ್ಯಾಸವಿತ್ತು. ಸಾಕುಹಂದಿಯಲ್ಲಿ ಅದನ್ನು ತಿದ್ದಿ ವಾರ್ಟ್‌ಹಾಗ್‌ನಂತೆ ಮಾಡಿದರು. 2020ರಲ್ಲಿ ಬಂದ ಫಲಿತಾಂಶ: ಆ ಹಂದಿಗಳು ಉಳಿಯಲಿಲ್ಲ. ಈ ವೈರಸ್ ದೈತ್ಯ. ಪಿಆರ್‌ಆರ್‌ಎಸ್ ವೈರಸ್ಸಿನ ಜೀನೋಮ್ ಸುಮಾರು 15 ಸಾವಿರ ಅಕ್ಷರವಾದರೆ ಇದರದ್ದು 1 ಲಕ್ಷ 70 ಸಾವಿರದಿಂದ 1 ಲಕ್ಷ 90 ಸಾವಿರ, ನೂರೈವತ್ತಕ್ಕೂ ಹೆಚ್ಚು ಪ್ರೋಟೀನ್. ಅವುಗಳಲ್ಲಿ ಎಂಜಿಎಫ್360, ಎಂಜಿಎಫ್505 ಗುಂಪಿನ ಹಲವು ಪ್ರೋಟೀನ್‌ಗಳು ಹಂದಿಯ ಇಂಟರ್ಫೆರಾನ್ ವ್ಯವಸ್ಥೆಯನ್ನು ಅಡಗಿಸಲೆಂದೇ ಇರುವಂಥವು. ಆ ಗುಂಪಿನ ಕೆಲವು ಜೀನ್‌ಗಳನ್ನು ಕಿತ್ತರೆ ವೈರಸ್ ಹಲ್ಲಿಲ್ಲದ್ದಾಗುತ್ತದೆ. ವಿಯೆಟ್ನಾಂನಲ್ಲಿ ಬಳಕೆಗೆ ಬಂದ ಲಸಿಕೆಗಳಲ್ಲಿ ಒಂದು ಹೀಗೆ ಮಾಡಿದ್ದು. ಅದು ಸಜೀವ ಲಸಿಕೆ, ಕಳ್ಳದಾರಿಯಲ್ಲಿ ಯಾರಾದರೂ ತಂದು ಮಾರಿದರೆ ಕೊಳ್ಳಬೇಡಿ. ಅದು ಮಂದೆಯಲ್ಲಿ ಹರಡಬಹುದು, ಹೊರಗಿನ ವೈರಸ್ಸಿನೊಡನೆ ಬೆರೆತು ಹೊಸ ರೂಪ ತಾಳಲೂಬಹುದು.

2022ರ ಜುಲೈನಲ್ಲಿ ರೋಗ ವಯನಾಡಿನಲ್ಲಿತ್ತು, ನಿಮ್ಮ ಜಿಲ್ಲೆಯ ಗಡಿಗೇ ಅಂಟಿಕೊಂಡು. ಇಲ್ಲಿ ಕೋಶದ ಪ್ರೋಟೀನ್ ನೆಚ್ಚಿ ಕೂರುವ ಹಾಗಿಲ್ಲ, ವೈರಸ್ ಬೇಲಿಯೊಳಗೆ ಬರದಂತೆ ನೋಡಬೇಕು. ಹೋಟೆಲ್ ಎಂಜಲು ಹಾಕುವವರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ, ಕೈ ಬಿಡದೆ ತಿರುವುತ್ತ ಕುದಿಸಬೇಕು. ತಿರುವದಿದ್ದರೆ ಡ್ರಮ್ಮಿನ ಅಂಚು ಕುದಿಯುತ್ತದೆ, ನಡುವಿನ ಮಾಂಸದ ತುಂಡು ಬೆಚ್ಚಗಷ್ಟೇ ಆಗುತ್ತದೆ. ವೈರಸ್ ಉಳಿಯುವುದು ಅಲ್ಲೇ. ಹಂದಿಮಾಂಸದ ಎಂಜಲನ್ನು ಹಾಕದಿರುವುದೇ ಸರಿ. ಕೊಟ್ಟಿಗೆಗೆ ಕಾಸ್ಟಿಕ್ ಸೋಡ 2 ಶೇಕಡಾ, ಅಂದರೆ ಲೀಟರ್ ನೀರಿಗೆ 20 ಗ್ರಾಂ, 30 ನಿಮಿಷ ಒದ್ದೆಯಾಗಿರಬೇಕು. ಸಗಣಿ ಕೆರೆದು ಸೋಪಿನಿಂದ ತೊಳೆಯದೆ ಸುರಿದರೆ ದ್ರಾವಣದ ಶಕ್ತಿಯೆಲ್ಲ ಕೊಳೆಗೇ ಹೋಗುತ್ತದೆ. ಪುಡಿಯನ್ನು ನೀರಿಗೆ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ; ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಬೇಕು.

ಪ್ರಶ್ನೆ: ಇಂಥ ಹಂದಿಯ ಮಾಂಸ ತಿಂದರೆ ನಮಗೆ ಬರುತ್ತದೆಯೇ?
— ಗೃಹಿಣಿ, ಮಂಗಳೂರು

ಪಿಆರ್‌ಆರ್‌ಎಸ್, ಹಂದಿ ಜ್ವರ (ಕ್ಲಾಸಿಕಲ್ ಸ್ವೈನ್ ಫೀವರ್, ಹಂದಿ ಫ್ಲೂ ಅಲ್ಲ), ಆಫ್ರಿಕನ್ ಹಂದಿ ಜ್ವರ ಮೂರೂ ಮನುಷ್ಯರಿಗೆ ಬರುವುದಿಲ್ಲ. ಆದರೂ ಕಾಯಿಲೆ ಬಿದ್ದ ಹಂದಿಯ ಮಾಂಸ ಕೊಳ್ಳಬೇಡಿ. ಅಡುಗೆಮನೆಯ ಎಂಜಲಿನ ಮೂಲಕ ಅದು ಮತ್ತೊಂದು ಕೊಟ್ಟಿಗೆ ಸೇರುತ್ತದೆ. ಫ್ಲೂ ಮಾತ್ರ ಬೇರೆ. ಹಂದಿಯ ಉಸಿರುನಾಳದಲ್ಲಿ ಹಕ್ಕಿಯ ಫ್ಲೂಗೂ ಮನುಷ್ಯನ ಫ್ಲೂಗೂ ಒಗ್ಗುವ ಎರಡೂ ಬಗೆಯ ಗ್ರಾಹಿಗಳಿವೆ. ಆದ್ದರಿಂದ ಕೆಮ್ಮು ನೆಗಡಿ ಇರುವವರು ಕೊಟ್ಟಿಗೆಗೆ ಹೋಗದಿರುವುದು ಇಬ್ಬರಿಗೂ ಕ್ಷೇಮ.

ಪ್ರಶ್ನೆ: ಹಂದಿಯ ಒಂದು ಪ್ರೋಟೀನ್ ಪಿಆರ್‌ಆರ್‌ಎಸ್ ವೈರಸ್ಸನ್ನು ತಡೆಯುತ್ತದೆಂದು ತೋರಿಸುವುದು ನನ್ನ ಪ್ರಬಂಧದ ವಿಷಯ. ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿಟ್ಟು ಕೋಶಕ್ಕೆ ಹಾಕಿದೆ, ವೈರಸ್ ಅರ್ಧಕ್ಕಿಳಿಯಿತು. ಇಷ್ಟು ಸಾಕೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಬೀದರ್

ಸಾಲದು. ಅರ್ಧಕ್ಕಿಳಿಯಿತೆಂದರೆ 0.3 ಲಾಗ್. ಟಿಸಿಐಡಿ50 ಎಂಬ ವೈರಸ್ ಎಣಿಕೆಯ ತಪ್ಪೇ ಅಷ್ಟಿರುತ್ತದೆ. ಒಂದು ಲಾಗ್, ಅಂದರೆ ಹತ್ತು ಪಟ್ಟು ಇಳಿತ ಮೂರು ಬೇರೆ ಬೇರೆ ದಿನ ಮಾಡಿದ ಪ್ರಯೋಗಗಳಲ್ಲಿ ಕಂಡರೆ ಮಾತಾಡಬಹುದು.

ಮೊದಲು ನಿಮ್ಮ ಖಾಲಿ ಪ್ಲಾಸ್ಮಿಡ್ಡನ್ನೇ ಅನುಮಾನಿಸಿ. ಹೊರಗಿನ ಡಿಎನ್‌ಎ ಕೋಶರಸಕ್ಕೆ ಬಿದ್ದರೆ ಸಿ-ಗ್ಯಾಸ್ ಮತ್ತು ಸ್ಟಿಂಗ್ ಎಂಬ ಪ್ರೋಟೀನ್‌ಗಳು ಅದನ್ನೇ ಶತ್ರುವೆಂದು ತಿಳಿದು ಇಂಟರ್ಫೆರಾನ್ ಎಬ್ಬಿಸುತ್ತವೆ. ಆಗ ವೈರಸ್ ಇಳಿದದ್ದು ನಿಮ್ಮ ಪ್ರೋಟೀನಿನಿಂದಲ್ಲ, ಪ್ಲಾಸ್ಮಿಡ್‌ನಿಂದ. ಹಾಗಾಗಿ ಜೀನ್ ಇರುವ ಪ್ಲಾಸ್ಮಿಡ್ಡನ್ನು 0.25, 0.5, 1 ಮೈಕ್ರೋಗ್ರಾಂ ಹೀಗೆ ಏರಿಸಿ, ಖಾಲಿಯದನ್ನು ಸೇರಿಸಿ ತಟ್ಟೆಯ ಪ್ರತಿ ಬಾವಿಯಲ್ಲೂ (ಗುಳಿಯಲ್ಲೂ) ಒಟ್ಟು ಡಿಎನ್‌ಎ ಸಮ ಮಾಡಿ. ಏನನ್ನೂ ಹಾಕದ ಬಾವಿಯೂ ಪಕ್ಕದಲ್ಲಿರಲಿ. ಎಂಡೋಟಾಕ್ಸಿನ್ ತೆಗೆಯುವ ಕಿಟ್‌ನಿಂದಲೇ ಪ್ಲಾಸ್ಮಿಡ್ ತಯಾರಿಸಿ.

ಆಮೇಲೆ ಕೋಶದ ಆಯ್ಕೆ. ಹೆಚ್ಚಿನವರು ಮಾರ್ಕ್-145 ಬಳಸುತ್ತಾರೆ, ವೈರಸ್ ಅದರಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಅದು ಮಂಗನ ಮೂತ್ರಪಿಂಡದ ಕೋಶ! ನಿಮ್ಮ ಹಂದಿ ಪ್ರೋಟೀನಿನ ಜೊತೆ ಕೆಲಸ ಮಾಡಬೇಕಾದ ಉಳಿದ ಪ್ರೋಟೀನ್‌ಗಳೆಲ್ಲ ಅಲ್ಲಿ ಮಂಗನವು. ಪಿಕೆ-15 ಹಂದಿಯದ್ದೇ, ಆದರೆ ಸಿಡಿ163 ಇಲ್ಲ, ಸೇರಿಸಿದ ತಳಿ ಬೇಕು. 3ಡಿ4/21 ಕೋಶಕ್ಕೂ ಇದೇ ಮಾತು. ಕೊನೆಯ ಸಾಕ್ಷ್ಯ ಶ್ವಾಸಕೋಶದ ಮ್ಯಾಕ್ರೋಫೇಜ್‌ನಲ್ಲಿ ಬರಬೇಕು. ಪಿಆರ್‌ಆರ್‌ಎಸ್ ಇಲ್ಲದ ಮಂದೆಯ 4ರಿಂದ 6 ವಾರದ ಮರಿಯ ಶ್ವಾಸಕೋಶವನ್ನು ತೊಳೆದು ತೆಗೆಯುವ ಈ ಕೋಶಗಳು ವಿಭಜನೆಯಾಗುವುದಿಲ್ಲ, ಪ್ಲಾಸ್ಮಿಡ್ಡನ್ನೂ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಎಸ್‌ಐಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎ ತುಣುಕು ಬಳಸಿ ಜೀನನ್ನು ಅಡಗಿಸುವುದೇ ದಾರಿ. ಮರಿಯಿಂದ ಮರಿಗೆ ಫಲಿತಾಂಶ ಬದಲಾಗುವುದರಿಂದ ಕನಿಷ್ಠ ಮೂರು ಮರಿಗಳ ಕೋಶ ಬೇಕು.

ಪ್ರೋಟೀನ್ ಹೆಚ್ಚಿಸಿದಾಗ ವೈರಸ್ ಇಳಿದದ್ದಷ್ಟೇ ಸಾಲದು, ತೆಗೆದಾಗ ಏರಲೂ ಬೇಕು. ಮೂರು ಬೇರೆ ಬೇರೆ ಎಸ್‌ಐಆರ್‌ಎನ್‌ಎ ಮಾಡಿಸಿ. ಎರಡರಲ್ಲಾದರೂ ಒಂದೇ ಫಲಿತಾಂಶ ಬಂದರೆ ಅಡ್ಡಪರಿಣಾಮದ ಅನುಮಾನ ಕಡಿಮೆ. ಪ್ರೋಟೀನ್ ನಿಜಕ್ಕೂ ಇಳಿದಿದೆಯೇ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಿ, ಎಂಆರ್‌ಎನ್‌ಎ ಇಳಿದರೆ ಸಾಲದು. ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಜೀನ್ ಕಿತ್ತಿದ್ದರೆ ಎರಡು ಪ್ರತ್ಯೇಕ ತದ್ರೂಪು ಕೋಶಗಳಲ್ಲಿ ತೋರಿಸಿ, ನಂತರ ಕತ್ತರಿಗೆ ಸಿಕ್ಕದಂತೆ ಅಕ್ಷರ ಬದಲಿಸಿದ ಜೀನನ್ನು ಮರಳಿ ಕೊಟ್ಟು ತಡೆ ಮರಳುವುದೇ ನೋಡಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರು ಬಹಳ. ಪ್ರಬಂಧದ ಬೆನ್ನೆಲುಬೇ ಅದು.

ಸೋಂಕಿಗೆ ಎಂಒಐ (ಕೋಶವೊಂದಕ್ಕೆ ವೈರಸ್ ಕಣಗಳ ಪ್ರಮಾಣ) 0.1, ಒಂದು ಗಂಟೆ ಅಂಟಲು ಬಿಟ್ಟು ಮೂರು ಸಲ ತೊಳೆಯಿರಿ. ತೊಳೆಯದಿದ್ದರೆ ಅಂಟದೆ ಉಳಿದ ವೈರಸ್ಸೇ ಕೊನೆಯ ಲೆಕ್ಕಕ್ಕೆ ಸೇರುತ್ತದೆ. 12, 24, 36 ಗಂಟೆಗೆ ಮೇಲಿನ ದ್ರವವನ್ನು ಟೈಟರ್‌ಗೆ (ಸೋಂಕು ತಗುಲಿಸಬಲ್ಲ ವೈರಸ್ಸಿನ ಎಣಿಕೆಗೆ), ಕೋಶವನ್ನು ಆರ್‌ಟಿ-ಕ್ಯುಪಿಸಿಆರ್‌ಗೆ ಮತ್ತು ವೈರಸ್ಸಿನ ಎನ್ ಪ್ರೋಟೀನಿನ ಬ್ಲಾಟ್‌ಗೆ ತೆಗೆಯಿರಿ. ಕ್ಯುಪಿಸಿಆರ್‌ನಲ್ಲಿ ಸಿಟಿ (ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ) 3.3 ಸರಿದರೆ ಹತ್ತು ಪಟ್ಟು. ಅದರ ಜೊತೆಗೇ ಇನ್ನೊಂದು ತಟ್ಟೆಯಲ್ಲಿ, ಕೋಶಗಳು ಜೀವಂತವಾಗಿವೆಯೇ ಎಂದು ನೋಡುವ ಸಿಸಿಕೆ-8 ಪರೀಕ್ಷೆ ಕಡ್ಡಾಯ. ಪ್ರೋಟೀನ್ ಹೆಚ್ಚಾಗಿ ಕೋಶವೇ ನರಳುತ್ತಿದ್ದರೆ ವೈರಸ್ ಇಳಿಯುವುದು ಸಹಜ, ಅದು ತಡೆಯಲ್ಲ.

ಯಾವ ಹಂತದಲ್ಲಿ ತಡೆ ಎಂಬುದಕ್ಕೆ: 4 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ವೈರಸ್ ಅಂಟುತ್ತದೆ, ಒಳಹೋಗುವುದಿಲ್ಲ. ಅಲ್ಲಿ ಸಮ ಇದ್ದು 37 ಡಿಗ್ರಿಗೆ ತಂದ ಮೇಲೆ ವ್ಯತ್ಯಾಸ ಕಂಡರೆ ತಡೆ ಒಳಹೊಗುವ ಹಂತದ್ದು. ವೈರಸ್ ನಕಲಾಗುವಾಗ ಹುಟ್ಟುವ ಋಣ ಎಳೆಯ ಆರ್‌ಎನ್‌ಎ ಅಳೆದರೆ ನಕಲು ಹಂತ ತಿಳಿಯುತ್ತದೆ. ಕೋಶದೊಳಗಿನ ಟೈಟರ್ ಏರಿ ಹೊರಗಿನದು ಇಳಿದಿದ್ದರೆ ಬಿಡುಗಡೆಗೆ ಅಡ್ಡಿ. ನಿಮ್ಮ ಪ್ರೋಟೀನ್ ನೇರವಾಗಿ ತಡೆಯುತ್ತದೋ ಇಂಟರ್ಫೆರಾನ್ ಮೂಲಕವೋ ತಿಳಿಯಲು ರುಕ್ಸೊಲಿಟಿನಿಬ್ ಕೊಟ್ಟು ಇಂಟರ್ಫೆರಾನ್ ಸಂಕೇತವನ್ನು ಮುಚ್ಚಿ ಮತ್ತೆ ಮಾಡಿ.

ಕೊನೆಯದಾಗಿ, ತಿಂಗಳುಗಟ್ಟಲೆ ದುಡಿಮೆಯನ್ನು ಸದ್ದಿಲ್ಲದೆ ಹಾಳು ಮಾಡುವುದು ಕಲಬೆರಕೆ. ಕೋಶ ಬೆಳೆಸಲು ಬಳಸುವ ಹಸುವಿನ ಸೀರಮ್ಮಿನಲ್ಲಿ ಬಿವಿಡಿ ಎಂಬ ದನಗಳ ಭೇದಿರೋಗದ ವೈರಸ್ ಇದ್ದರೆ ಅದರ ಎನ್-ಪ್ರೊ ಎಂಬ ಪ್ರೋಟೀನ್ ಐಆರ್‌ಎಫ್3ಯನ್ನು ನಾಶಪಡಿಸುತ್ತದೆ. ನಿಮ್ಮ ಕೋಶ ಇಂಟರ್ಫೆರಾನ್ ಮಾಡುವುದನ್ನೇ ಮರೆತಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ. ಹಂದಿಯ ಸರ್ಕೋವೈರಸ್ ಮೊದಲು ಕಂಡದ್ದೇ 1974ರಲ್ಲಿ, ಪಿಕೆ-15 ಕೋಶದ ಕಲಬೆರಕೆಯಾಗಿ. ಮೈಕೋಪ್ಲಾಸ್ಮಾ, ಬಿವಿಡಿ, ಸರ್ಕೋ ಮೂರಕ್ಕೂ ಪಿಸಿಆರ್ ಮಾಡಿಸಿ, ಆಮೇಲೆ ಮೊದಲ ಪ್ರಯೋಗ.

ಪ್ರಶ್ನೆ: ಅರಿಸಿನ, ತುಳಸಿ, ಅಮೃತಬಳ್ಳಿ ಕೊಟ್ಟರೆ ಹಂದಿಯ ಇಂಟರ್ಫೆರಾನ್ ಹೆಚ್ಚುತ್ತದೆಯೇ?
— ರೈತರು, ಮೂಡಿಗೆರೆ

ತಟ್ಟೆಯಲ್ಲಿ ಬೆಳೆದ ಕೋಶದ ಮೇಲೆ ಸುರಿದಾಗ ಕಾಣುವ ಪರಿಣಾಮ ಮೇವಿನಲ್ಲಿ ಕೊಟ್ಟಾಗ ಸಿಗುವುದಿಲ್ಲ. ಅರಿಸಿನದ ಸಾರವಂತೂ ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. ಕೊಟ್ಟರೆ ಕೆಡುಕಿಲ್ಲ, ಆದರೆ ಅದನ್ನು ನಂಬಿ ಲಸಿಕೆ ಬಿಟ್ಟರೆ ಕೆಡುಕು ಖಂಡಿತ.

ಪ್ರಶ್ನೆ: ಕೋಶದಲ್ಲೇ ಇಷ್ಟೆಲ್ಲ ಕಾವಲಿದ್ದರೆ ಹಂದಿ ಜ್ವರಕ್ಕೆ ಲಸಿಕೆ ಯಾಕೆ? ನಾನು ಮರಿಗಳಿಗೆ ಮೂರನೇ ವಾರವೇ ಹಾಕಿಸಿದ್ದೆ, ಆದರೂ ಸತ್ತವು.
— ಹಂದಿ ಸಾಕಣೆದಾರರು, ಸೋಮವಾರಪೇಟೆ

ಹಂದಿ ಜ್ವರದ ವೈರಸ್ ಮೇಲೆ ಹೇಳಿದ ಬಿವಿಡಿಯ ದಾಯಾದಿ. ಅದರಲ್ಲೂ ಎನ್-ಪ್ರೊ ಇದೆ, ಹೊಕ್ಕ ಕೋಶದಲ್ಲಿ ಮೊದಲು ಮುರಿಯುವುದು ಐಆರ್‌ಎಫ್3ಯನ್ನೇ. ಕಾವಲಿನ ಗಂಟೆ ಬಾರಿಸುವವನನ್ನೇ ಕೊಂದ ಮೇಲೆ ಒಳಗಿನ ಭಟರು ಏಳುವುದು ಹೇಗೆ? ಲಸಿಕೆ ಬೇಕಿರುವುದು ಅದಕ್ಕೆ. ಒಳ್ಳೆಯ ಸಜೀವ ಲಸಿಕೆ ಹಾಕಿದ 3ರಿಂದ 5 ದಿನದಲ್ಲೇ ರಕ್ಷಣೆ ಶುರುವಾಗುತ್ತದೆ, ಪ್ರತಿಕಾಯ ಕಾಣಿಸಿಕೊಳ್ಳುವ ಮೊದಲೇ. ಆಗ ಕೆಲಸ ಮಾಡುವುದು ಬಹುಮಟ್ಟಿಗೆ ಟಿ-ಕೋಶಗಳು ಸುರಿಸುವ ಗಾಮಾ ಇಂಟರ್ಫೆರಾನ್.

ನಿಮ್ಮಲ್ಲಿ ತಪ್ಪಿದ್ದು ಬಹುಶಃ ಸಮಯ. ಹಂದಿಯ ಮಾಸಿನ ಮೂಲಕ ಪ್ರತಿಕಾಯ ಮರಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣುಹಾಲಿನಲ್ಲೇ ಬರಬೇಕು. ತಾಯಿಗೆ ಲಸಿಕೆ ಆಗಿದ್ದರೆ ಆ ಪ್ರತಿಕಾಯಗಳು ಮೂರನೇ ವಾರದಲ್ಲಿ ಮರಿಯ ರಕ್ತದಲ್ಲಿ ತುಂಬಿರುತ್ತವೆ, ಲಸಿಕೆಯ ವೈರಸ್ಸನ್ನು ಬೆಳೆಯುವ ಮೊದಲೇ ಅಳಿಸಿಬಿಡುತ್ತವೆ. ಎರಡು ತಿಂಗಳ ಹೊತ್ತಿಗೆ ಅವು ಇಳಿದಾಗ ಮರಿ ಬರಿಗೈಯಲ್ಲಿ ನಿಂತಿರುತ್ತದೆ. ಅಂಥ ಮರಿಗೆ ಲಸಿಕೆ ಸುಮಾರು ಎರಡು ತಿಂಗಳಿಗೆ. ತಾಯಿಗೆ ಲಸಿಕೆ ಆಗಿರದಿದ್ದರೆ ಇನ್ನೂ ಮುಂಚೆ ಬೇಕಾಗಬಹುದು, ಪಶುವೈದ್ಯರನ್ನು ಕೇಳಿ ನಿರ್ಧರಿಸಿ.

ಇನ್ನು ಕೈತಪ್ಪುಗಳು. ಲಸಿಕೆ ಸಜೀವ, ಬಿಸಿಗೆ ಸಾಯುತ್ತದೆ. ಪುಡಿಗೆ ದ್ರವ ಬೆರೆಸಿದ ಮೇಲೆ ಸೀಸೆಯನ್ನು ಮಂಜುಗಡ್ಡೆಯ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಎತ್ತಿಡಬೇಡಿ. ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆದರೆ ಒಳಗುಳಿದ ಹನಿಯೇ ಲಸಿಕೆಯನ್ನು ಕೊಲ್ಲುತ್ತದೆ. ನೀರಿನಲ್ಲಿ ಕುದಿಸಿ ಆರಿಸಿದ್ದನ್ನು ಬಳಸಿ. ಒಂದೇ ಸೂಜಿಯನ್ನು ಇಡೀ ಕೊಟ್ಟಿಗೆಗೆ ಚುಚ್ಚಿದರೆ ಒಂದು ಮರಿಯ ಸೋಂಕು ಎಲ್ಲವಕ್ಕೂ ಹೋಗುತ್ತದೆ. ಜ್ವರ ಇರುವ ಮರಿಗೆ ಹಾಕಬೇಡಿ.

ಗಿಣ್ಣುಹಾಲಿನ ಲೆಕ್ಕವೂ ನೆನಪಿರಲಿ: ಪ್ರತಿ ಮರಿಗೆ 200ರಿಂದ 250 ಗ್ರಾಂ, ಮೊದಲ 24 ಗಂಟೆಯೊಳಗೆ. ಆಮೇಲೆ ಕರುಳು ಮುಚ್ಚಿಕೊಳ್ಳುತ್ತದೆ, ಕುಡಿದರೂ ಪ್ರತಿಕಾಯ ರಕ್ತಕ್ಕೆ ಹೋಗುವುದಿಲ್ಲ. ಮರಿ ಹೆಚ್ಚಾಗಿ ಮೊಲೆ ಸಾಲದಿದ್ದರೆ, ದೊಡ್ಡ ಮರಿಗಳು ಮೊದಲು ಕುಡಿದ ಮೇಲೆ ಅವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದೂವರೆ ಗಂಟೆ ಮುಚ್ಚಿಟ್ಟು, ಸಣ್ಣವನ್ನು ಮುಂದಿನ ಮೊಲೆಗಳಿಗೆ ಬಿಡಿ. ನಡುಗುವ ಮರಿ ಹೀರಲಾರದು, ಆದ್ದರಿಂದ ಹುಟ್ಟಿದ ಕೂಡಲೇ ಒರೆಸಿ, ಬಲ್ಬಿನ ಕೆಳಗೆ ಒಣಗಿಸಿ, ಆಮೇಲೆ ಮೊಲೆಗೆ ಹಚ್ಚಿ.